ಯಂತ್ರದ ಪೆಟ್ಟಿಗೆಗೆ ಎಷ್ಟು ತಂಪು ಬೇಕು?

ಊರಿನ ಮೇಲ್ತೊಟ್ಟಿಗೆ ನೀರೇರಿಸುವ ಪಂಪುಗಳಾಗಲಿ, ಹಾಲಿನ ಡೈರಿಯ ಶೀತಲಯಂತ್ರಗಳಾಗಲಿ, ಅಕ್ಕಿಯ ಗಿರಣಿಗಳಾಗಲಿ, ಮೀನುಬಂದರಿನ ಮಂಜುಗಡ್ಡೆಯ ಕಾರ್ಖಾನೆಗಳಾಗಲಿ, ಇಂದು ಬರಿಯ ಮೋಟಾರಿನ ಬಲದಿಂದ ನಡೆಯುವುವಲ್ಲ. ಆ ಮೋಟಾರನ್ನು ಓಡಿಸುವ, ನಿಲ್ಲಿಸುವ, ಅದರ ವೇಗವನ್ನು ಏರಿಸಿ ಇಳಿಸುವ, ಅಪಾಯ ಕಂಡಾಗ ವಿದ್ಯುತ್ತನ್ನು ಕಡಿದುಹಾಕುವ ಸಮಸ್ತ ವ್ಯವಸ್ಥೆಯೂ ಗೋಡೆಗೊರಗಿ ನಿಂತಿರುವ ಆಳೆತ್ತರದ ಒಂದು ಉಕ್ಕಿನ ಪೆಟ್ಟಿಗೆಯೊಳಗೆ ಅಡಕವಾಗಿರುತ್ತದೆ. ಕೆಲಸಗಾರರು ಅದನ್ನು ಪ್ಯಾನೆಲ್ ಎನ್ನುತ್ತಾರೆ. ಪ್ರತಿ ಮಳೆಗಾಲದಲ್ಲಿಯೂ ನಮ್ಮ ಕರಾವಳಿಯಲ್ಲಿ, ಮಲೆನಾಡಿನಲ್ಲಿ, ಇಂಥ ಪ್ಯಾನೆಲ್ಲುಗಳು ಕೆಡುತ್ತವೆ. ಊರಿಗೆ ಎರಡು ದಿನ ನೀರು ಬರುವುದಿಲ್ಲ, ಕಾರ್ಖಾನೆಯ ಪಾಳಿ ನಿಲ್ಲುತ್ತದೆ, ಸಹಸ್ರಾರು ರೂಪಾಯಿ ಬೆಲೆಯ ವೇಗನಿಯಂತ್ರಕವೊಂದು ದುರಸ್ತಿಗೆಂದು ಬೆಂಗಳೂರಿಗೆ ಪ್ರಯಾಣ ಮಾಡುತ್ತದೆ. ‘ಮಳೆಗೆ ಕೆಟ್ಟುಹೋಯಿತು’ ಎಂಬ ಒಂದು ಮಾತಿನಲ್ಲಿ ವಿಚಾರಣೆ ಮುಗಿಯುತ್ತದೆ. ನಾನು ಕಂಡಮಟ್ಟಿಗೆ ಈ ಹಾನಿಯ ಬಹುಭಾಗ ಮಳೆಯಿಂದ ಬಂದದ್ದಲ್ಲ. ಪೆಟ್ಟಿಗೆಯನ್ನು ಕಾಪಾಡಲೆಂದೇ ಅದಕ್ಕೆ ಕೂರಿಸಿರುವ ತಂಪಿನ ಯಂತ್ರವನ್ನು ವಿವೇಚನೆಯಿಲ್ಲದೆ ನಡೆಸಿದ್ದರಿಂದ ಬಂದದ್ದು, ಆದುದರಿಂದ ತಪ್ಪಿಸಬಹುದಾದದ್ದು ಎಂಬುದನ್ನು ಇಲ್ಲಿ ನಿರೂಪಿಸಬೇಕೆಂದಿದ್ದೇನೆ.

ತಂಪಿನ ಅಗತ್ಯವಿಲ್ಲವೆಂದು ನಾನು ಹೇಳಲಾರೆ. ಹಿಂದಿನ ಕಾಲದ ಸ್ವಿಚ್ ಬೋರ್ಡುಗಳು ಸ್ಲೇಟುಕಲ್ಲಿನವೋ ಅಮೃತಶಿಲೆಯವೋ ಆಗಿದ್ದು, ಪಿಂಗಾಣಿ ಮತ್ತು ತಾಮ್ರಗಳಿಂದ ಕೂಡಿ, ಗಾಳಿಗೆ ತೆರೆದುಕೊಂಡೇ ನಿಂತಿರುತ್ತಿದ್ದುವು. ಅವುಗಳಲ್ಲಿ ಶಾಖ ನಿಲ್ಲುವುದಕ್ಕೆ ಎಡೆಯೇ ಇರಲಿಲ್ಲ. ಈಗಿನ ಪ್ಯಾನೆಲ್ಲಿನೊಳಗೆ ಕುಳಿತಿರುವ ವೇಗನಿಯಂತ್ರಕ, ಎಂದರೆ ಡ್ರೈವ್, ತನ್ನ ಮೂಲಕ ಹಾಯುವ ವಿದ್ಯುತ್ತಿನಲ್ಲಿ ಶೇಕಡ 2ರಿಂದ 3ರಷ್ಟನ್ನು ಶಾಖವಾಗಿ ಪರಿವರ್ತಿಸುತ್ತದೆ. 100 ಕಿಲೋವ್ಯಾಟಿನ ಪಂಪಿಗೆ ಜೋಡಿಸಿದ ಡ್ರೈವ್ ಆದರೆ, ಒಂದು ಕಪಾಟಿನಷ್ಟು ಜಾಗದಲ್ಲಿ ಎರಡು ಮೂರು ಕಿಲೋವ್ಯಾಟಿನ ಶಾಖ ಹಗಲಿರುಳು ಸೇರುತ್ತಲೇ ಇರುತ್ತದೆ. ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಯುಸ್ಸು ಉಷ್ಣಾಂಶ 10 ಡಿಗ್ರಿ ಏರಿದರೆ ಸುಮಾರಾಗಿ ಅರ್ಧಕ್ಕೆ ಇಳಿಯುತ್ತದೆ ಎಂಬುದು ಆ ವಿದ್ಯೆಯವರೆಲ್ಲ ಒಪ್ಪಿರುವ ಲೆಕ್ಕ. ಫ್ಯಾನ್ ಇಟ್ಟು ಹೊರಗಿನ ಗಾಳಿಯನ್ನು ಒಳಕ್ಕೆ ಹಾಯಿಸೋಣವೆಂದರೆ ಧೂಳು, ಹತ್ತಿಯ ನವಿರು, ಉಪ್ಪು, ತೇವ ಎಲ್ಲವೂ ಜತೆಗೂಡಿ ಬರುತ್ತವೆ. ಆದಕಾರಣ ಬಾಗಿಲನ್ನು ಭದ್ರವಾಗಿ ಮುಚ್ಚಿ, ಒಳಗಿನ ಗಾಳಿಯನ್ನೇ ತಿರುಗಿಸಿ ತಿರುಗಿಸಿ ತಂಪುಮಾಡುವ ಚಿಕ್ಕ ಎಸಿ ಯಂತ್ರವೊಂದನ್ನು ಪೆಟ್ಟಿಗೆಯ ಬಾಗಿಲಿಗೋ ಪಕ್ಕಕ್ಕೋ ಕೂರಿಸುವ ಪದ್ಧತಿ ಬಂದಿದೆ. ಪದ್ಧತಿ ಸರಿಯಾದದ್ದೇ.

ತೊಡಕು ಹುಟ್ಟುವುದು ಆ ಯಂತ್ರಕ್ಕೆ ಕೊಡುವ ಆಜ್ಞೆಯಲ್ಲಿ. ತಂಪು ಹೆಚ್ಚಾದಷ್ಟೂ ಯಂತ್ರಕ್ಕೆ ಕ್ಷೇಮವೆಂಬ ನಂಬಿಕೆಯಿಂದ ಥರ್ಮೋಸ್ಟ್ಯಾಟನ್ನು 20 ಡಿಗ್ರಿಗೋ, ಇನ್ನೂ ಕಾಳಜಿಯುಳ್ಳವರಾದರೆ 18ಕ್ಕೋ ತಿರುಗಿಸಿಟ್ಟುಬಿಡುತ್ತಾರೆ. ಗಾಳಿಯಲ್ಲಿ ನೀರಿನ ಆವಿ ಯಾವಾಗಲೂ ಬೆರೆತಿರುತ್ತದೆ. ಗಾಳಿಯನ್ನು ತಂಪುಮಾಡುತ್ತ ಹೋದರೆ ಒಂದು ಮಿತಿಯಲ್ಲಿ ಆ ಆವಿ ಹನಿಗಟ್ಟಲಾರಂಭಿಸುತ್ತದೆ. ಆ ಮಿತಿಗೆ ಇಬ್ಬನಿ ಬಿಂದುವೆಂದು ಹೆಸರು. ತಣ್ಣೀರು ತುಂಬಿಟ್ಟ ಹಿತ್ತಾಳೆಯ ತಂಬಿಗೆಯ ಮೈ ಹೊರಗಡೆ ಒದ್ದೆಯಾಗುವುದನ್ನು ನೋಡದವರಾರು? ಆ ನೀರು ತಂಬಿಗೆಯಿಂದ ಸೋರಿದ್ದಲ್ಲ, ಗಾಳಿಯಿಂದ ಇಳಿದದ್ದು. ಪ್ಯಾನೆಲ್ಲಿನೊಳಗಿನ ತಾಮ್ರದ ಪಟ್ಟಿಗಳೂ ತಿರುಪುಗಳೂ ಸರ್ಕ್ಯೂಟ್ ಫಲಕಗಳೂ ಇಬ್ಬನಿ ಬಿಂದುವಿಗಿಂತ ಕೆಳಗೆ ತಣ್ಣಗಾಗಿದ್ದು, ಹೊರಗಿನ ಗಾಳಿ ಅವುಗಳ ಮೈ ಸೋಕಿತೆಂದರೆ, ಆಗುವುದು ಅದೇ.

ಈ ಬಿಂದು ಎಲ್ಲ ಊರಿಗೂ ಒಂದೇ ಅಲ್ಲವೆಂಬುದೇ ಇಲ್ಲಿ ಮುಖ್ಯವಾದ ಸಂಗತಿ. ವೈಶಾಖದ ಕಲಬುರಗಿಯಲ್ಲಿ ಗಾಳಿ 42 ಡಿಗ್ರಿ ಕಾದು ಅದರ ಸಾಪೇಕ್ಷ ಆರ್ದ್ರತೆ ಶೇಕಡ 20ರಷ್ಟಿದ್ದರೆ, ಇಬ್ಬನಿ ಬಿಂದು 14 ಡಿಗ್ರಿಯ ಆಸುಪಾಸಿನಲ್ಲಿ ಇರುತ್ತದೆ. ಅಲ್ಲಿ ಪ್ಯಾನೆಲ್ಲನ್ನು 20ಕ್ಕೆ ತಂಪಿಸಿ ಬಾಗಿಲನ್ನು ತೆರೆದರೂ ಒಂದು ಹನಿಯೂ ಕಾಣದು. ಆಷಾಢದ ಮಂಗಳೂರಿನಲ್ಲಿ ಗಾಳಿ 28 ಡಿಗ್ರಿಯಷ್ಟೇ ಬೆಚ್ಚಗಿದ್ದು ಆರ್ದ್ರತೆ ಶೇಕಡ 90ಕ್ಕೆ ಮುಟ್ಟಿದಾಗ ಇಬ್ಬನಿ ಬಿಂದು 26 ಡಿಗ್ರಿಗೆ ಏರಿ ನಿಂತಿರುತ್ತದೆ. ಅಲ್ಲಿ ಅದೇ 20 ಡಿಗ್ರಿಯ ಪ್ಯಾನೆಲ್ ಬಾಗಿಲು ತೆರೆದ ನಿಮಿಷದಲ್ಲಿಯೇ ಒಳಗೆಲ್ಲ ಒದ್ದೆಯಾಗುತ್ತದೆ. ಉಷ್ಣಮಾಪಕವನ್ನು ಮಾತ್ರ ನೋಡುವವನಿಗೆ ಕಲಬುರಗಿಯೇ ಅಪಾಯದ ಊರೆಂದೂ ಮಂಗಳೂರು ಸೌಮ್ಯವೆಂದೂ ತೋರೀತು. ಒಣನಾಡಿನ ಅಭ್ಯಾಸವನ್ನು ಕಡಲತೀರಕ್ಕೆ ಹಾಗೆಯೇ ಕೊಂಡೊಯ್ದುದರ ಫಲವನ್ನೇ ನಾವು ವರ್ಷವರ್ಷವೂ ಅನುಭವಿಸುತ್ತಿರುವುದು.

ತಂಪಿನ ಯಂತ್ರವೆಂಬುದು ಹುಟ್ಟಿದ್ದೇ ತೇವದ ಸಲುವಾಗಿ ಎಂಬುದನ್ನು ನಾವು ಮರೆತಿದ್ದೇವೆ. 1902ರಲ್ಲಿ, ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ಹರಿಯತೊಡಗಿದ ವರ್ಷದಲ್ಲಿಯೇ, ಅಮೆರಿಕದ ಬ್ರೂಕ್ಲಿನ್ನಿನ ಮುದ್ರಣಾಲಯವೊಂದು, ಗಾಳಿಯ ತೇವ ಏರಿಳಿದಂತೆಲ್ಲ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಕೂಡದೆ ಹೋಗುತ್ತವೆಂದು ಕಷ್ಟಪಡುತ್ತಿದ್ದಿತು. ಅದರ ಪರಿಹಾರಕ್ಕೆಂದು ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರು, ಗಾಳಿಯನ್ನು ತಣ್ಣನೆಯ ಕೊಳವೆಗಳ ಮೇಲೆ ಹಾಯಿಸಿ, ಅದರ ತೇವವನ್ನು ಆ ಕೊಳವೆಗಳ ಮೇಲೆಯೇ ಹನಿಗಟ್ಟಿಸಿ ಇಳಿಸುವ ಏರ್ಪಾಡನ್ನು ರೂಪಿಸಿದನು. ತರುವಾಯ 1911ರಲ್ಲಿ ಉಷ್ಣಾಂಶ, ಆರ್ದ್ರತೆ, ಇಬ್ಬನಿ ಬಿಂದು ಇವುಗಳ ಪರಸ್ಪರ ಸಂಬಂಧವನ್ನು ಸೂತ್ರಗಳಾಗಿ ಕಟ್ಟಿ ಅಲ್ಲಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಮಂಡಿಸಿದನು. ಇಂದು ಪ್ಯಾನೆಲ್ಲಿನ ಬಾಗಿಲಲ್ಲಿ ಕುಳಿತಿರುವ ಯಂತ್ರವೂ ಆ ತತ್ತ್ವದ ಮೇಲೆಯೇ ನಡೆಯುವುದು. ತಂಪುಮಾಡಿದಲ್ಲಿ ನೀರು ಇಳಿಯಲೇಬೇಕು. ಅದು ಯಂತ್ರದ ತಣ್ಣನೆಯ ಕೊಳವೆಸುರುಳಿಯ, ಎಂದರೆ ಕಾಯಿಲ್ಲಿನ, ಮೇಲೆ ಇಳಿದು ನೀರಿನ ಕೊಳವೆಯ ಮೂಲಕ ಹೊರಕ್ಕೆ ಹೋಗುವಂತೆ ಮಾಡುವುದು, ಮತ್ತಾವ ಭಾಗದ ಮೇಲೂ ಇಳಿಯದಂತೆ ನೋಡಿಕೊಳ್ಳುವುದು, ಇಷ್ಟು ಮನುಷ್ಯನ ಕೈಯಲ್ಲಿದೆ.

ಮಲ್ಪೆಯ ಕಡೆಯ ಒಂದು ಮಂಜುಗಡ್ಡೆಯ ಕಾರ್ಖಾನೆಯಲ್ಲಿ ಇಂಥ ಪ್ಯಾನೆಲ್ಲೊಂದನ್ನು ಹತ್ತಿರದಿಂದ ನೋಡುವ ಅವಕಾಶ ನನಗೊದಗಿತ್ತು. ಬಾಗಿಲು ತೆರೆಯುತ್ತಲೂ ಒಳಗಿನಿಂದ ಗುಡಿಯ ಗರ್ಭಗೃಹದಷ್ಟು ತಣ್ಣನೆಯ ಗಾಳಿ ಮುಖಕ್ಕೆ ಬಂದಿತು. ಒಂದು ಕ್ಷಣದಲ್ಲಿಯೇ ಬಾಗಿಲಿನ ಒಳಮೈಯ ಮೇಲೆ ಮಂಜು ಕವಿದು, ನೋಡನೋಡುತ್ತ ಅದು ಹನಿಗಳಾಗಿ ಕೂಡಿ ಗೆರೆಗೆರೆಯಾಗಿ ಕೆಳಗಿಳಿಯಿತು. ಎಸಿಯ ತಂಪುಗಾಳಿ ಹೊರಬೀಳುವ ಕಂಡಿ ಡ್ರೈವ್‌ನ ಮುಖಕ್ಕೇ ನೇರವಾಗಿ ತಿರುಗಿತ್ತು. ಟರ್ಮಿನಲ್ ಪಟ್ಟಿಯಲ್ಲಿ ಆ ಗಾಳಿ ತಾಕುವ ಕಡೆಯ ತಿರುಪುಗಳೆಲ್ಲ ಕೆಂಪಗೆ ತುಕ್ಕುಹಿಡಿದಿದ್ದುವು; ಅದರಿಂದ ಒಂದು ಗೇಣು ಆಚೆಗಿದ್ದ ತಿರುಪುಗಳು ಹೊಸತರಂತೆಯೇ ಹೊಳೆಯುತ್ತಿದ್ದುವು. ನೀರು ಹೋಗಬೇಕಾದ ರಬ್ಬರಿನ ಕೊಳವೆಯನ್ನು ಯಾರೋ ಕಾಲಿಗೆ ತೊಡರದಿರಲೆಂದು ಮೇಲಕ್ಕೆ ಮಡಿಸಿ ತಂತಿಯಿಂದ ಕಟ್ಟಿದ್ದುದರಿಂದ, ನೀರು ತಟ್ಟೆಯಲ್ಲಿಯೇ ತುಂಬಿ ಒಳಮಗ್ಗುಲಿಗೆ ಸುರಿಯುತ್ತಿದ್ದಿತು. ಪೆಟ್ಟಿಗೆಯ ತಳದಲ್ಲಿ ನಾಲ್ಕು ಮಡಿಕೆಯ ವೃತ್ತಪತ್ರಿಕೆ ಹಾಸಿತ್ತು. ಅಲ್ಲಿನ ಆಪರೇಟರು, ಮಧ್ಯವಯಸ್ಸಿನ ಸಾಧು ಮನುಷ್ಯ, ‘ಮಳೆಗಾಲದಲ್ಲಿ ಇದು ಹೀಗೇ ಸಾರ್, ಬೆವರ್ತದೆ, ನಾನು ದಿನಾ ಬೆಳಿಗ್ಗೆ ಪೇಪರ್ ಬದಲಾಯಿಸ್ತೇನೆ’ ಎಂದನು. ಆತನ ಶ್ರದ್ಧೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಇಬ್ಬನಿ ಬಿಂದುವಿನ ವಿಚಾರವನ್ನು ಆತನಿಗೆ ಯಾರೊಬ್ಬರೂ ಹೇಳಿರಲಿಲ್ಲ. ಪ್ಯಾನೆಲ್ಲನ್ನು ಒದಗಿಸಿದವರು ಎಸಿ ತಣ್ಣಗೆ ಬೀಸುವುದನ್ನು ತೋರಿಸಿ, ಸಹಿ ಪಡೆದು ಹೋಗಿದ್ದರು.

ಆ ಕಾಗದವನ್ನು ದಿನವೂ ಬದಲಾಯಿಸಬೇಕಾಗುತ್ತಿತ್ತೆಂಬ ಮಾತಿನಲ್ಲಿಯೇ ರೋಗದ ಮೂಲ ಅಡಗಿದೆ. ಮಂಗಳೂರಿನ ಆ ಮಳೆಗಾಲದ ಗಾಳಿ ಒಂದು ಘನಮೀಟರಿನಷ್ಟು ಪ್ಯಾನೆಲ್ಲಿನೊಳಗೆ ಸಿಕ್ಕಿಕೊಂಡಿತೆಂದರೆ ಅದರಲ್ಲಿರುವ ನೀರಿನ ಆವಿ ಸುಮಾರು 24 ಗ್ರಾಂ. ಅದನ್ನು 20 ಡಿಗ್ರಿಗೆ ತಂಪಿಸಿದರೆ 17 ಗ್ರಾಂ ಗಾಳಿಯಲ್ಲಿಯೇ ಉಳಿದು, ನೀರಾಗಿ ಇಳಿಯುವುದು 7 ಗ್ರಾಂ, ಎಂದರೆ ಒಂದೆರಡು ಚಿಕ್ಕ ಚಮಚೆಗಳಷ್ಟು. ಬಾಗಿಲು ಭದ್ರವಾಗಿದ್ದರೆ ಆ ನೀರು ಕಾಯಿಲ್ಲಿನ ಮೇಲೆ ಇಳಿದು ಹೊರಕ್ಕೆ ಹೋದಮೇಲೆ ಒಳಗೆ ಒಣಗಾಳಿಯೇ ಸುತ್ತುತ್ತಿರಬೇಕು, ಕೊಳವೆಯಲ್ಲಿ ಹನಿ ನಿಲ್ಲಬೇಕು. ಕೊಳವೆಯಿಂದ ದಿನವೂ ನೀರು ತೊಟ್ಟಿಕ್ಕುತ್ತಿದೆಯೆಂದರೆ ಎಲ್ಲಿಯೋ ಹೊರಗಿನ ಗಾಳಿ ನಿರಂತರವಾಗಿ ನುಗ್ಗುತ್ತಿದೆ. ಗಂಟೆಗೆ 10 ಘನಮೀಟರ್ ಗಾಳಿ ಸೋರಿ ಬಂದರೆ ದಿನವೊಂದಕ್ಕೆ ಒಂದೂವರೆ ಲೀಟರಿಗೂ ಮಿಕ್ಕ ನೀರನ್ನು ಆ ಪೆಟ್ಟಿಗೆ ಊರಿನ ಗಾಳಿಯಿಂದ ಹಿಂಡಿ ತೆಗೆಯುತ್ತಿರುತ್ತದೆ. ಬಹಳ ಮಂದಿ ಹೀಗೆ ನೀರು ಸುರಿಯುವುದನ್ನು ಎಸಿ ಚೆನ್ನಾಗಿ ಕೆಲಸ ಮಾಡುತ್ತಿರುವುದರ ಲಕ್ಷಣವೆಂದು ತಿಳಿದು ಸಂತೋಷಪಡುತ್ತಾರೆ. ಅದು ಪೆಟ್ಟಿಗೆ ಸೋರುತ್ತಿರುವುದರ ಲಕ್ಷಣ.

ಸೋರುವ ಜಾಗಗಳೇನೂ ಗೂಢವಾದುವಲ್ಲ. ಕೇಬಲ್ಲುಗಳು ಒಳಹೊಗುವ ತಳದ ತಗಡಿನಲ್ಲಿ ಕೇಬಲ್ಲನ್ನು ಬಿಗಿಯಾಗಿ ಹಿಡಿದು ಸಂದು ಮುಚ್ಚುವ ಗ್ಲ್ಯಾಂಡ್ ಹಾಕದೆ ದೊಡ್ಡ ರಂಧ್ರವನ್ನು ಕೊರೆದು ಬಿಟ್ಟಿರುವುದು, ಹಳೆಯ ಕೇಬಲ್ ತೆಗೆದಮೇಲೆ ಆ ರಂಧ್ರಕ್ಕೆ ಬಿರಡೆ ಹಾಕದಿರುವುದು, ಬಾಗಿಲಿನ ಗ್ಯಾಸ್ಕೆಟ್ ಗಟ್ಟಿಯಾಗಿ ಸೀಳಿರುವುದು, ಮೂರು ಚಿಲಕಗಳಲ್ಲಿ ಒಂದನ್ನೇ ತಿರುಗಿಸಿ ಹೋಗುವುದು. ಇವುಗಳಲ್ಲಿ ನನಗೆ ಅತ್ಯಂತ ಖೇದಕರವಾಗಿ ತೋರುವುದು ತಳದ ರಂಧ್ರ. ಏಕೆಂದರೆ ಪ್ಯಾನೆಲ್ಲಿನ ಕೆಳಗಡೆ ಕೇಬಲ್ಲಿನ ಕಾಲುವೆಯಿರುತ್ತದೆ, ಮಳೆಗಾಲದಲ್ಲಿ ಅದರಲ್ಲಿ ನೀರು ನಿಂತಿರುತ್ತದೆ, ಆ ನೀರಿನ ಮೇಲಣ ತುಂಬುತೇವದ ಗಾಳಿಯನ್ನೇ ಪೆಟ್ಟಿಗೆ ಉಸಿರಾಡುತ್ತಿರುತ್ತದೆ. ಐ.ಪಿ. 54 ಎಂಬ ಮುದ್ರೆ ಬಾಗಿಲ ಮೇಲೆ ಇದೆಯಲ್ಲ ಎನ್ನುವವರುಂಟು. ಆ ಅಂಕಿಗಳು ಧೂಳಿನಿಂದಲೂ ಎರಚುವ ನೀರಿನಿಂದಲೂ ರಕ್ಷಣೆಯನ್ನು ಸೂಚಿಸುತ್ತವೆಯೇ ಹೊರತು ಗಾಳಿಯೊಡನೆ ನುಸುಳುವ ಆವಿಯ ವಿಷಯದಲ್ಲಿ ಭರವಸೆ ಕೊಡುವುದಿಲ್ಲ. ಅಲ್ಲದೆ ತಳದಲ್ಲಿ ಅಂಗೈಯಗಲದ ತೂತು ಕೊರೆದಮೇಲೆ ಆ ಮುದ್ರೆಗೆ ಅರ್ಥವೇ ಉಳಿಯದು.

ಕಣ್ಣಿಗೆ ಹನಿ ಕಾಣಲೇಬೇಕೆಂದಿಲ್ಲ. ಕಡಲ ಗಾಳಿ ಹೊತ್ತು ತರುವ ಉಪ್ಪಿನ ಅತಿಸೂಕ್ಷ್ಮ ಕಣಗಳು ಸರ್ಕ್ಯೂಟ್ ಫಲಕದ ಮೇಲೆ ಧೂಳಿನೊಡನೆ ಕುಳಿತಿರುತ್ತವೆ. ಆರ್ದ್ರತೆ ಶೇಕಡ 75ನ್ನು ದಾಟಿತೆಂದರೆ ಆ ಉಪ್ಪು ಗಾಳಿಯಿಂದ ತಾನಾಗಿಯೇ ನೀರನ್ನೆಳೆದುಕೊಂಡು ಕರಗಿ, ವಿದ್ಯುತ್ತು ಹರಿಯಬಲ್ಲ ತೆಳ್ಳನೆಯ ಪದರವಾಗುತ್ತದೆ. ಎರಡು ತಂತಿಗಳ ನಡುವೆ ಆ ಪದರದ ಮೇಲೆ ಮೊದಲು ಅತ್ಯಲ್ಪವಾದ ಪ್ರವಾಹ ಹಾಯುತ್ತದೆ, ಅದರ ಕಾವಿಗೆ ಇನ್ಸುಲೇಷನ್ನಿನ ಮೇಲ್ಮೈ ಕರಿದಾಗುತ್ತದೆ, ಆ ಕರಿಯೇ ಮುಂದಿನ ಪ್ರವಾಹಕ್ಕೆ ದಾರಿಯಾಗಿ, ಒಂದು ದಿನ ಭಯಂಕರ ಶಬ್ದದೊಡನೆ ಎಲ್ಲವೂ ಮುಗಿಯುತ್ತದೆ. ಇನ್ನು ಕಬ್ಬಿಣದ ಮಾತು: ಇಂಗ್ಲೆಂಡಿನ ವರ್ನನ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಮಲಿನಗೊಂಡ ಗಾಳಿಯಲ್ಲಿ ಆರ್ದ್ರತೆ ಶೇಕಡ 60ರ ಆಸುಪಾಸನ್ನು ಮೀರಿದಮೇಲೆ ತುಕ್ಕಿನ ವೇಗ ಒಮ್ಮೆಗೇ ಏರುವುದೆಂದು ಕಂಡುಬಂದಿತು.

ಹಾಗಾದರೆ ಥರ್ಮೋಸ್ಟ್ಯಾಟನ್ನು ಎಲ್ಲಿ ಇಡಬೇಕು? ಕರಾವಳಿಯ ಮಟ್ಟಿಗೆ ನನ್ನ ಉತ್ತರ 35 ಡಿಗ್ರಿ. ಇಬ್ಬನಿ ಬಿಂದು 26 ಆಗಿರುವ ಅದೇ ಮಂಗಳೂರಿನ ಗಾಳಿ, ಸೋರಿಕೆಯಿಂದಲೇ ಒಳಗೆ ಬಂದರೂ, 35 ಡಿಗ್ರಿಗೆ ಬೆಚ್ಚಗಾದಾಗ ಅದರ ಆರ್ದ್ರತೆ ಶೇಕಡ 90ರಿಂದ 60ರ ಹತ್ತಿರಕ್ಕೆ ಇಳಿಯುತ್ತದೆ. ಉಪ್ಪು ಕರಗುವ ಮಿತಿಗಿಂತ ಕೆಳಗೆ, ತುಕ್ಕು ಬಿರುಸಾಗುವ ಮಿತಿಯ ಬಳಿಯಲ್ಲಿಯೇ ನಿಲ್ಲುತ್ತದೆ. ಪ್ಯಾನೆಲ್ ಎಸಿಗಳನ್ನು ತಯಾರಿಸುವ ಒಳ್ಳೆಯ ಕಾರ್ಖಾನೆಗಳು ತಮ್ಮ ಯಂತ್ರವನ್ನು 35ಕ್ಕೆ ಇಟ್ಟೇ ಕಳುಹಿಸುವುದು ವಾಡಿಕೆ. ಅದನ್ನು ಕೆಳಕ್ಕೆ ತಿರುಗಿಸುವವರು ನಮ್ಮವರು. ಮುಟ್ಟಿದರೆ ಬೆಚ್ಚಗಿರುವ ಪೆಟ್ಟಿಗೆಯನ್ನು ಕಂಡು ಮಾಲೀಕರು ಆತಂಕಪಡುತ್ತಾರೆಂಬುದನ್ನು ಬಲ್ಲೆ. ಆದರೆ ಸಾಮಾನ್ಯವಾಗಿ ಡ್ರೈವ್‌ಗಳು 40 ಡಿಗ್ರಿಯ ಪರಿಸರದಲ್ಲಿ ಪೂರ್ಣಭಾರವನ್ನು ಹೊರುವಂತೆಯೇ ರಚಿತವಾಗಿರುತ್ತವೆ. 35 ಅವುಗಳಿಗೆ ಕಷ್ಟದ ಸ್ಥಿತಿಯಲ್ಲ. 25ರಲ್ಲಿದ್ದರೆ ಕೆಪಾಸಿಟರ್ ಇನ್ನೂ ಹೆಚ್ಚು ವರ್ಷ ಬಾಳೀತೆಂಬುದು ನಿಜ, ಒಣನಾಡಿನಲ್ಲಿ ಯಾರಾದರೂ ಹಾಗೆ ಇಟ್ಟುಕೊಂಡರೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಹತ್ತು ವರ್ಷ ಬಾಳಬೇಕಾದ ಕೆಪಾಸಿಟರನ್ನು ಇನ್ನಷ್ಟು ವರ್ಷ ಬಾಳಿಸುವ ಆಸೆಯಿಂದ, ಇಡೀ ಫಲಕವನ್ನು ಮೂರನೆಯ ಮಳೆಗಾಲಕ್ಕೆ ಬಲಿಕೊಡುವುದು ಲಾಭದ ಲೆಕ್ಕವಲ್ಲ. ಕಡಮೆ ತಂಪಿಗೆ ಕಡಮೆ ವಿದ್ಯುತ್ತು ಸಾಕೆಂಬುದು ಮೇಲಿನ ಅನುಕೂಲ.

ಬಾಗಿಲಿನ ವಿಚಾರದಲ್ಲಿ ನಾನು ಇನ್ನೂ ಕಟುವಾಗಿ ನುಡಿಯಬೇಕಾಗಿದೆ. ಡ್ರೈವ್ ಬಿಸಿಯಾಗಿ ಟ್ರಿಪ್ ಆಯಿತೆಂದರೆ ಬಾಗಿಲನ್ನು ಪೂರ್ತಿಯಾಗಿ ತೆರೆದು, ಮುಂದೆ ಒಂದು ಪೆಡೆಸ್ಟಲ್ ಫ್ಯಾನನ್ನು ನಿಲ್ಲಿಸಿ, ಒಳಗಡೆ ಎಸಿಯೂ ನಡೆಯುತ್ತಿರುವಂತೆ ಬಿಡುವುದು ನಮ್ಮ ಕಾರ್ಖಾನೆಗಳಲ್ಲಿ ಸರ್ವೇಸಾಮಾನ್ಯವಾದ ದೃಶ್ಯ. ತೆರೆದ ಬಾಗಿಲಿನೆದುರು ನಡೆಯುವ ಎಸಿ ತಂಪನ್ನಂತೂ ಕೊಡದು. ನೀರನ್ನು ಮಾತ್ರ ಧಾರಾಳವಾಗಿ ಕೊಡುತ್ತದೆ. ಬಾಗಿಲು ತೆರೆದೊಡನೆ ಎಸಿ ತಾನೇ ನಿಲ್ಲುವಂತೆ ಮಾಡುವ ಚಿಕ್ಕ ಸ್ವಿಚ್ಚಿನ ಬೆಲೆ ಪ್ಯಾನೆಲ್ಲಿನ ಬೆಲೆಯ ಮುಂದೆ ಗಣನೆಗೆ ಬರತಕ್ಕದ್ದಲ್ಲ. ಅದನ್ನು ಹಾಕಿಸದಿರುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ. ತೆರೆಯಲೇಬೇಕಾದ ಸಂದರ್ಭದಲ್ಲಿ ಮೊದಲು ಎಸಿಯನ್ನು ನಿಲ್ಲಿಸಿ, ಒಳಗಿನ ಭಾಗಗಳು ಕೊಠಡಿಯ ಉಷ್ಣಾಂಶಕ್ಕೆ ಬರುವವರೆಗೆ ಕಾದು, ಆಮೇಲೆ ತೆರೆಯುವುದು ಕ್ರಮ.

ಯಂತ್ರ ನಡೆಯುತ್ತಿರುವಾಗಿನ ಅಪಾಯಕ್ಕಿಂತ ನಿಂತಾಗಿನ ಅಪಾಯ ಕಡಮೆಯದಲ್ಲ. ಕರೆಂಟು ಹೋಗಿ ಪಂಪು ರಾತ್ರಿಯೆಲ್ಲ ನಿಂತಿತೆಂದರೆ ಒಳಗಿನ ಶಾಖ ಆರುತ್ತದೆ, ಕುಗ್ಗಿದ ಗಾಳಿಯ ಜಾಗಕ್ಕೆ ಹೊರಗಿನ ತೇವದ ಗಾಳಿ ಸೇರುತ್ತದೆ, ಬೆಳಗಿನ ಜಾವದ ತಂಪಿಗೆ ಅದು ಹನಿಗಟ್ಟುತ್ತದೆ. ಆರು ಗಂಟೆಗೆ ಕರೆಂಟು ಬಂದೊಡನೆ ಆಪರೇಟರು ಒದ್ದೆ ಫಲಕಕ್ಕೆ 415 ವೋಲ್ಟನ್ನು ಕೊಡುತ್ತಾನೆ. ಇದಕ್ಕೆ ಪ್ಯಾನೆಲ್ಲಿನ ತಳದಲ್ಲಿ ಒಂದು ಚಿಕ್ಕ ಸ್ಪೇಸ್ ಹೀಟರನ್ನಿಟ್ಟು, ಆರ್ದ್ರತೆ ಶೇಕಡ 65ನ್ನು ಮೀರಿದಾಗ ಅದು ತಾನೇ ಹೊತ್ತಿಕೊಳ್ಳುವಂತೆ ಹೈಗ್ರೋಸ್ಟ್ಯಾಟ್ ಒಂದನ್ನು ಜೋಡಿಸುವುದು ಹಳೆಯ ಉಪಾಯ, ಬಲ್ಲವರು ಬಿಡದೆ ಅನುಸರಿಸುವ ಉಪಾಯ. ದೀರ್ಘಕಾಲದ ವಿದ್ಯುದಭಾವದ ನಂತರ ಮೊದಲು ಹೀಟರನ್ನಷ್ಟೇ ನಡೆಸಿ ಒಳಗನ್ನು ಒಣಗಿಸಿ ಆಮೇಲೆ ಡ್ರೈವ್‌ಗೆ ವಿದ್ಯುತ್ತು ಕೊಡಬೇಕೆಂಬ ಸೂಚನೆಯನ್ನು ಪಂಪ್‌ಹೌಸಿನ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸುವುದು ಅವಶ್ಯ. ನಮ್ಮ ಪ್ಯಾನೆಲ್ಲುಗಳೊಳಗೆ ಅಂಟಿಸಿರುವ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ. ಅವುಗಳನ್ನು ಪಾಲಿಸಬೇಕಾದವನು ಓದಿರುವುದು ಕನ್ನಡ.

ಈ ಎಲ್ಲದರ ಹೊಣೆ ಆಪರೇಟರನದೆಂದು ನಾನು ಒಪ್ಪಲಾರೆ. ಪ್ಯಾನೆಲ್ ಬೆಂಗಳೂರಿನ ಪೀಣ್ಯದಲ್ಲಿಯೋ ಇನ್ನೊಂದು ಒಣ ಊರಿನಲ್ಲಿಯೋ ಸಿದ್ಧವಾಗಿ, ಅಲ್ಲಿಯೇ ಪರೀಕ್ಷೆಗೊಳಗಾಗಿ, ಘಟ್ಟವಿಳಿದು ಬರುತ್ತದೆ. ಅದನ್ನು ಕೊಳ್ಳುವ ನಗರಸಭೆಯಾಗಲಿ ಇಲಾಖೆಯಾಗಲಿ ತನ್ನ ಟೆಂಡರಿನಲ್ಲಿ ತಗಡಿನ ದಪ್ಪವನ್ನು ಬರೆಯುತ್ತದೆ, ಬಣ್ಣದ ಸಂಖ್ಯೆಯನ್ನು ಬರೆಯುತ್ತದೆ, ಎಸಿಯ ಸಾಮರ್ಥ್ಯವನ್ನೂ ಬರೆಯುತ್ತದೆ; ಆ ಎಸಿ ಯಾವ ಉಷ್ಣಾಂಶದಲ್ಲಿ ನಡೆಯಬೇಕು, ತಂಪುಗಾಳಿಯ ಕಂಡಿ ಎತ್ತ ಮುಖಮಾಡಬೇಕು, ಬಾಗಿಲಿನ ಸ್ವಿಚ್ಚು, ಹೀಟರು, ಗ್ಲ್ಯಾಂಡುಗಳು, ನೀರಿನ ಕೊಳವೆಯ ಇಳಿಜಾರು ಇವುಗಳ ವಿಷಯವನ್ನು ಬರೆಯುವುದಿಲ್ಲ. ಬರೆಯದ್ದನ್ನು ಗುತ್ತಿಗೆದಾರನು ಕೊಡುವುದಿಲ್ಲ. ಅರ್ಧ ಪುಟದಲ್ಲಿ ಅಡಗುವ ಈ ಷರತ್ತುಗಳನ್ನು ಕರಾವಳಿ ಮತ್ತು ಮಲೆನಾಡಿನ ಕಾಮಗಾರಿಗಳ ಟೆಂಡರುಗಳಲ್ಲಿ ಕಡ್ಡಾಯವಾಗಿ ಸೇರಿಸುವುದೂ, ಪ್ಯಾನೆಲ್ಲಿನ ಅಂತಿಮ ಸ್ವೀಕಾರವನ್ನು ಅದು ಸ್ಥಳದಲ್ಲಿ ಒಂದು ಮಳೆಗಾಲವನ್ನು ಕಂಡಮೇಲೆಯೇ ಮಾಡುವುದೂ ಮೇಲಧಿಕಾರಿಗಳ ಕರ್ತವ್ಯ. ಎಸಿಯೇ ಬೇಡವಾಗುವ ಸಂದರ್ಭಗಳೂ ಉಂಟು: ಹೊರಗಿನ ಗಾಳಿ 30 ಡಿಗ್ರಿಯ ಆಚೀಚೆಗೆ ಇರುವ ಊರಿನಲ್ಲಿ, ಒಳಗಿನ ಗಾಳಿಯನ್ನೂ ಹೊರಗಿನದನ್ನೂ ಬೆರೆಸದೆ ಶಾಖವನ್ನು ಮಾತ್ರ ಆಚೆಗೆ ಸಾಗಿಸುವ ಹೀಟ್ ಎಕ್ಸ್‌ಚೇಂಜರು ಎಷ್ಟೋ ಕಡೆ ಸಾಲುತ್ತದೆ, ಅದು ಒಳಗನ್ನು ಹೊರಗಿಗಿಂತ ತಂಪುಮಾಡಲಾರದ್ದರಿಂದಲೇ ಹನಿಯ ಭಯವೂ ದೂರವಾಗುತ್ತದೆ. ಕೊಳ್ಳುವ ಮೊದಲು ಎಂಜಿನಿಯರು ಆ ಪ್ರಶ್ನೆಯನ್ನು ಕೇಳಿಕೊಳ್ಳಬೇಕು.

ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ನಮ್ಮ ತೀರವನ್ನು ಮುಟ್ಟುತ್ತದೆ. ಪಂಪ್‌ಹೌಸು, ಗಿರಣಿ, ಕಾರ್ಖಾನೆಗಳ ಮೇಲ್ವಿಚಾರಣೆಯಲ್ಲಿರುವವರು ಮೇ ತಿಂಗಳು ಮುಗಿಯುವುದರೊಳಗಾಗಿ ಒಂದು ಬೆಳಗನ್ನು ಇದಕ್ಕಾಗಿ ಮೀಸಲಿಟ್ಟು, ವಿದ್ಯುತ್ತನ್ನು ಕಡಿದು, ಟಾರ್ಚ್ ಹಿಡಿದು, ಪ್ಯಾನೆಲ್ಲಿನ ತಳದ ತಗಡನ್ನೂ ಬಾಗಿಲಿನ ಗ್ಯಾಸ್ಕೆಟನ್ನೂ ನೀರಿನ ಕೊಳವೆಯನ್ನೂ ತಾವೇ ಕಣ್ಣಾರೆ ನೋಡಬೇಕೆಂದೂ, ಥರ್ಮೋಸ್ಟ್ಯಾಟನ್ನು 35ಕ್ಕೆ ತಿರುಗಿಸಿ, ಅದನ್ನು ಏಕೆ ಅಲ್ಲಿಂದ ಕದಲಿಸಕೂಡದೆಂಬುದನ್ನು ಆಪರೇಟರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತಿಳಿಯಹೇಳಬೇಕೆಂದೂ ನಾನು ಪ್ರಾರ್ಥಿಸುತ್ತೇನೆ.